ಬೆರಳುದ್ದದ ಆಲೂಗಡ್ಡೆ

ಸಂತೆಯಲ್ಲಿ ಆಲೂಗಡ್ಡೆ ಆರಿಸುವಾಗ ನಿಮ್ಮ ಕೈ ಯಾವುದರ ಕಡೆಗೆ ಹೋಗುತ್ತದೆ? ದುಂಡಗೆ, ನುಣ್ಣಗೆ ಇರುವುದರ ಕಡೆಗೆ, ಅಲ್ಲವೆ? ಬೆರಳಿನಂತೆ ಉದ್ದವಾಗಿ, ಸೊಟ್ಟಗೆ, ಗಂಟುಗಂಟಾಗಿರುವ ಗಡ್ಡೆ ಕಂಡರೆ ಬದಿಗೆ ಸರಿಸುತ್ತೇವೆ. ಆದರೆ ಆಲೂಗಡ್ಡೆಯ ತವರಿನಲ್ಲಿ ಆ ಸೊಟ್ಟ ಗಡ್ಡೆಗೂ ಮರ್ಯಾದೆಯುಂಟು. ಅದಕ್ಕೆ ಬಲವಾದ ಕಾರಣವೂ ಉಂಟು.

ದಕ್ಷಿಣ ಅಮೆರಿಕದ ಪೆರು ಮತ್ತು ಬೊಲಿವಿಯ ದೇಶಗಳ ನಡುವೆ ಟಿಟಿಕಾಕಾ ಎಂಬ ದೊಡ್ಡ ಸರೋವರವಿದೆ. ಅದರ ಸುತ್ತಿನ ಆಂಡೀಸ್ ಬೆಟ್ಟಗಳಲ್ಲಿ ಸುಮಾರು 8,000 ವರ್ಷಗಳ ಹಿಂದೆಯೇ ಜನರು ಕಾಡುಗಡ್ಡೆಯನ್ನು ಪಳಗಿಸಿ ಬೆಳೆಯತೊಡಗಿದರು. ಅಲ್ಲಿನ ರೈತ ಒಂದೇ ಹೊಲದಲ್ಲಿ ಹತ್ತಾರು ಬಗೆಯ ಗಡ್ಡೆ ಹಾಕುತ್ತಾನೆ. ಕೆಂಪು, ನೇರಳೆ, ಹಳದಿ, ದುಂಡಗಿನದು, ಬೆರಳಿನಂಥದು. ಮೈತುಂಬ ಗುಬಟಿರುವ ಒಂದು ಗಡ್ಡೆಗೆ ಕೆಚುವಾ ನುಡಿಯಲ್ಲಿ ‘ಸೊಸೆಯನ್ನು ಅಳಿಸುವುದು’ ಎಂಬ ಅರ್ಥದ ಹೆಸರು! ಹೊಸ ಸೊಸೆಯ ಕೈಗೆ ಅದನ್ನು ಕೊಟ್ಟು, ಸಿಪ್ಪೆ ಹೆರೆಯುವ ಜಾಣ್ಮೆಯನ್ನು ಅತ್ತೆ ಪರೀಕ್ಷಿಸುತ್ತಿದ್ದಳಂತೆ. ಒಂದು ಬಗೆ ಹಿಮಕ್ಕೆ ಸೋತರೆ ಇನ್ನೊಂದು ತಾಳುತ್ತದೆ. ಒಂದಕ್ಕೆ ರೋಗ ತಗಲಿದರೆ ಮತ್ತೊಂದು ಉಳಿಯುತ್ತದೆ. ಹೀಗೆ ಮನೆಯ ಒಲೆ ಆರುವುದಿಲ್ಲ.

16ನೆಯ ಶತಮಾನದಲ್ಲಿ ಸ್ಪೇನಿನವರು ಈ ಗಡ್ಡೆಯನ್ನು ಯುರೋಪಿಗೆ ಒಯ್ದರು. ನಮ್ಮ ಕರಾವಳಿಯವರೂ ಬೆಳಗಾವಿ ಕಡೆಯವರೂ ಇದನ್ನು ‘ಬಟಾಟೆ’ ಎನ್ನುತ್ತಾರಷ್ಟೆ. ಆ ಹೆಸರು ಪೋರ್ಚುಗೀಸರ ಬಾಯಿಂದ ಬಂದದ್ದು. ಗಡ್ಡೆ ಸಮುದ್ರ ದಾಟಿತು, ಆದರೆ ಅದರ ನೂರಾರು ಬಗೆಗಳು ದಾಟಲಿಲ್ಲ. ಹಿಂದಿದ್ದ ವಿವೇಕವೂ ದಾಟಲಿಲ್ಲ.

ಅದರ ಫಲ ಐರ್ಲೆಂಡಿನಲ್ಲಿ ಕಾಣಿಸಿತು. ಅಲ್ಲಿನ ಬಡವರು ತುಂಡು ನೆಲದಲ್ಲಿ ಹೆಚ್ಚಾಗಿ ‘ಲಂಪರ್’ ಎಂಬ ಒಂದೇ ಜಾತಿಯನ್ನು ಬೆಳೆದು ಬದುಕುತ್ತಿದ್ದರು. ಆಲೂಗಡ್ಡೆಯನ್ನು ಬಿತ್ತುವುದು ಬೀಜದಿಂದಲ್ಲ, ಗಡ್ಡೆಯ ಕಣ್ಣಿನಿಂದ. ಆದ್ದರಿಂದ ಮರಿಗಿಡವು ತಾಯಿಗಿಡದ ಪಡಿಯಚ್ಚು. ಒಂದು ಗಿಡವನ್ನು ಕೊಲ್ಲುವ ರೋಗ ಅವೆಲ್ಲವನ್ನೂ ಕೊಲ್ಲಬಲ್ಲದು. 1845ರಲ್ಲಿ ಆ ರೋಗ ಬಂದೇಬಂದಿತು. ಹಾಸನದ ಸೀಮೆಯ ರೈತರು ‘ಅಂಗಮಾರಿ’ ಎಂದು ಕರೆಯುವುದು ಇದನ್ನೇ. ಎಲೆ ಕಪ್ಪಾಯಿತು, ನೆಲದೊಳಗೆ ಗಡ್ಡೆ ಕೊಳೆತು ನಾರಿತು. ಇತ್ತ ದೇಶದ ಧಾನ್ಯವು ಹಡಗೇರಿ ಹೊರಗೆ ಹೋಗುತ್ತಲೇ ಇತ್ತು. ಆಳುವವರ ನೆರವು ಸಾಲದೆ ಹೋಯಿತು. ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ ಊರು ಬಿಟ್ಟು ಹಡಗು ಹತ್ತಿದರು.

ಬೆರಳುಗಡ್ಡೆಯನ್ನು ಎಳೆಯ ಗಡ್ಡೆಯೆಂದು ತಿಳಿಯಬೇಡಿ. ಅದು ಬಲಿತಾಗಲೂ ಅಷ್ಟೇ ಗಾತ್ರ. ಫ್ರಾನ್ಸಿನಲ್ಲಿ ‘ರಾತ್’ ಎಂಬ ಇಂಥ ಜಾತಿಯೊಂದು ಬಹು ಹೆಸರಾದದ್ದು. ಬೆಳೆಯುವ ಕ್ರಮ ಸುಲಭ. ಮೊಳಕೆಯೊಡೆದ ಗಡ್ಡೆಯನ್ನು ಸಡಿಲ ಮಣ್ಣಿನಲ್ಲಿ ನೆಟ್ಟು, ಗಿಡ ಗೇಣುದ್ದವಾದಾಗ ಬುಡಕ್ಕೆ ಮಣ್ಣೇರಿಸಬೇಕು. ಬೆಳಕು ತಗಲಿ ಹಸುರಾದ ಗಡ್ಡೆಯಲ್ಲಿ ವಿಷವಿರುತ್ತದೆ, ಅದನ್ನು ತಿನ್ನಬಾರದು. ಇನ್ನು ಅಡುಗೆ. ಇದರಲ್ಲಿ ಪಿಷ್ಟ ಕಡಮೆ, ಬೆಂದರೂ ಒಡೆಯದು. ಆದುದರಿಂದ ದೋಸೆಯ ಪಲ್ಯಕ್ಕೆ ಇದು ಅಷ್ಟಾಗಿ ಒಗ್ಗದು. ಸಿಪ್ಪೆಸಹಿತ ಉಪ್ಪುನೀರಿನಲ್ಲಿ ಬೇಯಿಸಿ, ಉದ್ದಕ್ಕೆ ಸೀಳಿ, ಒಗ್ಗರಣೆಯಲ್ಲಿ ಹೊಂಬಣ್ಣ ಬರುವಂತೆ ಹುರಿದರೆ ರುಚಿ ತಿಳಿಯುತ್ತದೆ. ಸೊಸೆ ಅಳಬೇಕಾಗಿಯೂ ಇಲ್ಲ!

ಪೆರುವಿನ ಲಿಮಾ ನಗರದಲ್ಲಿ 1971ರಲ್ಲಿ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಸ್ಥಾಪನೆಯಾಯಿತು. ಸಾವಿರಾರು ನಾಡತಳಿಗಳನ್ನು ಅದು ಕಾಪಾಡಿಟ್ಟಿದೆ. 2004ರಲ್ಲಿ ಆದ ಒಪ್ಪಂದದ ಮೇರೆಗೆ ಅವುಗಳಲ್ಲಿ ಹಲವು, ಕುಸ್ಕೋ ಸಮೀಪದ ಪಿಸಾಕಿನ ಹಳ್ಳಿಗರ ಹೊಲಗಳಿಗೆ ಮರಳಿದವು. ಹೊಸ ರೋಗ ಬಂದಾಗ ತಳಿವಿಜ್ಞಾನಿ ಹುಡುಕಿಕೊಂಡು ಹೋಗುವುದು ಇಂಥ ಗಡ್ಡೆಗಳನ್ನೇ. ಮುಂದಿನ ಸಂತೆಯಲ್ಲಿ ಸೊಟ್ಟ ಗಡ್ಡೆಯೊಂದು ಕಂಡರೆ ಬದಿಗೆ ಸರಿಸುವ ಮೊದಲು ಒಮ್ಮೆ ಕೈಯಲ್ಲಿ ಹಿಡಿದು ನೋಡಿ.