ಹಗೇವು ಬರಿದಾದ ಬಗೆ

ಮೈಸೂರು ಸೀಮೆಯ ಹಿರಿಯರು ಧಾತು–ಈಶ್ವರ ಸಂವತ್ಸರಗಳ ಬರವೆಂದು ಕರೆಯುತ್ತಿದ್ದ 1876–78ರ ಕ್ಷಾಮದ ಮಾತು ಬಂದಾಗಲೆಲ್ಲ, ಮಳೆ ಹೋಯಿತು, ಬೆಳೆ ಹೋಯಿತು, ಜನ ಸತ್ತರು ಎಂದು ಕಥೆಯನ್ನು ಮುಗಿಸಿಬಿಡುವ ವಾಡಿಕೆಯುಂಟು. ಆದರೆ ಅನಾವೃಷ್ಟಿಯು ಈ ಸೀಮೆಗೆ ಹೊಸತಲ್ಲ. ಅದನ್ನರಿತೇ ಪೂರ್ವಿಕರು ಊರೂರಿಗೆ ಕೆರೆ ಕಟ್ಟಿಸಿದರು, ವರ್ಷಗಟ್ಟಲೆ ಕೆಡದ ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ, ಬಾಯಿ ಮುಚ್ಚಿ, ಆಪತ್ಕಾಲಕ್ಕೆಂದು ಕಾದಿರಿಸಿದರು. ಹಾಗಿದ್ದೂ ಎರಡನೆಯ ವರ್ಷಕ್ಕೆ ಆ ಹಗೇವುಗಳೆಲ್ಲ ಬರಿದಾಗಿ ರೈತನ ಸಂಸಾರ ಕುಸಿದುದೇಕೆ?

ಇದರ ಉತ್ತರವನ್ನು ಆಕಾಶದಲ್ಲಿ ಅರಸುವುದಕ್ಕಿಂತ ಖಜಾನೆಯ ಲೆಕ್ಕದಲ್ಲಿ ಅರಸುವುದು ಲೇಸು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ತರುವಾಯದ ಕೌಲಿನಂತೆ, ಐದು ವರ್ಷದ ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರ ರಾಜ್ಯವು ಕುಂಪಣಿಯ ಸೈನ್ಯದ ವೆಚ್ಚಕ್ಕೆಂದು ವರ್ಷಕ್ಕೆ 7 ಲಕ್ಷ ವರಹ, ಅಂದರೆ 24½ ಲಕ್ಷ ರೂಪಾಯಿ, ಪೊಗದಿ ತೆರಬೇಕಾಯಿತು. 1831ರಲ್ಲಿ ಆಡಳಿತವೇ ಕಮಿಷನರುಗಳ ವಶವಾದರೂ ಪೊಗದಿ ಮಾತ್ರ ನಿಲ್ಲಲಿಲ್ಲ. 1881ರವರೆಗಿನ 82 ವರ್ಷಗಳನ್ನು ಕೂಡಿ ನೋಡಿದರೆ ಮೊತ್ತ 20 ಕೋಟಿಯನ್ನು ಮುಟ್ಟುತ್ತದೆ. ಆ ಹಣದ ಒಂದಂಶವಾದರೂ ಹೂಳು ತುಂಬಿದ ಕೆರೆಗಳಿಗೆ ಸಂದಿದ್ದರೆ ಎಂದು ಮನಸ್ಸು ಕೊರಗದಿರದು. ಇತ್ತ, ಫಸಲಿನಲ್ಲಿ ಪಾಲು ಕೊಡುವ ಬಟಾಯಿ ಪದ್ಧತಿಯು ಕ್ರಮೇಣ ಹೋಗಿ ಕಂದಾಯವು ನಗದಾದುದರಿಂದ, ಬೆಳೆ ಸೊರಗಿದ ವರ್ಷವೂ ಕಿಸ್ತಿನ ದಿನ ತಪ್ಪದಂತಾಯಿತು. ಹಗೇವಿಗೆ ಇಳಿಯಬೇಕಾದ ರಾಗಿ ಸಂತೆಗೆ ಹೋಯಿತು, ಅದೂ ಸಾಲದಾದಾಗ ರೈತನು ಸಾಹುಕಾರನ ಬಾಗಿಲಿಗೆ ಹೋದನು.

ಮದರಾಸಿನಿಂದ ರೈಲಿನಲ್ಲಿ ಧಾನ್ಯವೇನೋ ಬೆಂಗಳೂರಿಗೆ ಬಂದಿತು. ಆದರೆ ಮೇವಿಲ್ಲದೆ ಎತ್ತುಗಳು ಸತ್ತಿದ್ದುದರಿಂದ ಅದನ್ನು ಹಳ್ಳಿಗಳಿಗೆ ಸಾಗಿಸುವುದೇ ದುಸ್ತರವಾಯಿತು. ಸಾಗಿದ ಕಡೆಯಲ್ಲೂ ಏರಿದ ಬೆಲೆಗೆ ಕೊಳ್ಳುವ ಶಕ್ತಿ ಕೂಲಿಗಿರಲಿಲ್ಲ. 1871ರ ಜನಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಖ್ಯೆ 1881ರಲ್ಲಿ 42 ಲಕ್ಷಕ್ಕೂ ಕೆಳಗಿಳಿಯಿತು.

ಅದೇ ವರ್ಷದ ಮಾರ್ಚಿಯಲ್ಲಿ, ಹದಿನೆಂಟು ವಯಸ್ಸಿನ ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸಿದಾಗ, ಕ್ಷಾಮ ಪರಿಹಾರಕ್ಕಾಗಿ ಮಾಡಿದ್ದ 80 ಲಕ್ಷ ರೂಪಾಯಿ ಸಾಲವನ್ನೂ ಅದರೊಡನೆಯೇ ಒಪ್ಪಿಸಲಾಯಿತು. ಜನ ಕಡಿಮೆಯಾದ ರಾಜ್ಯಕ್ಕೆ ಪೊಗದಿ ಕಡಿಮೆಯಾಗಬೇಕಿತ್ತಲ್ಲವೆ? 35 ಲಕ್ಷಕ್ಕೆ ಏರಿತು. ಏರಿದ ಭಾಗವನ್ನು ಕೂಡಲೇ ಕೇಳದೆ ಮೊದಲು ಐದು ವರ್ಷ, ಅನಂತರ ಮತ್ತೆ ಹತ್ತು ವರ್ಷ ಮುಂದೂಡಿದ್ದಷ್ಟೇ ದಿವಾನ್ ರಂಗಾಚಾರ್ಲು ಅವರ ಸರ್ಕಾರಕ್ಕೂ ಅವರ ತರುವಾಯ ಬಂದವರಿಗೂ ದೊರೆತ ಉಪಶಮನ.