700 ಅಡಿ: ಬೆಂಗಳೂರಿನ ಗಾಲ್ಫ್ ಮೈದಾನಕ್ಕೆ ಬಿದ್ದ ವಿಮಾನ ಮತ್ತು ಎರಡು ನಾಬ್‌ಗಳ ಕಥೆ

ಬೆಂಗಳೂರಿನ ದೊಮ್ಮಲೂರು ಕಡೆ ಕೆಲಸ ಮಾಡೋರಿಗೆ ಎಂಬೆಸಿ ಗಾಲ್ಫ್‌ಲಿಂಕ್ಸ್ ಟೆಕ್ ಪಾರ್ಕ್ ಗೊತ್ತೇ ಇರುತ್ತೆ. ಅದರ ಪಕ್ಕದಲ್ಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಮೈದಾನ. ಮೈದಾನದಿಂದ ಪೂರ್ವಕ್ಕೆ ಹೋದರೆ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ. 2008ರ ಮೇನಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಗೋವರೆಗೆ ಬೆಂಗಳೂರಿಗೆ ಬರೋ ಪ್ರಯಾಣಿಕರ ವಿಮಾನಗಳೆಲ್ಲ ಇಳೀತಾ ಇದ್ದಿದ್ದು ಇಲ್ಲೇ.

1990ರ ಫೆಬ್ರವರಿ 14, ಬುಧವಾರ. ಮಧ್ಯಾಹ್ನ ಒಂದು ಗಂಟೆ ಹೊತ್ತು, ಒಳ್ಳೆ ಬಿಸಿಲು, ಆಕಾಶ ಸ್ವಚ್ಛ. ಬಾಂಬೆಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ 605 ಬೆಂಗಳೂರಿನಲ್ಲಿ ಇಳಿಯೋಕೆ ಬರ್ತಾ ಇತ್ತು. ಏರ್‌ಬಸ್ ಎ320, ಹೊಚ್ಚ ಹೊಸ ವಿಮಾನ, ಸೇವೆಗೆ ಬಂದು ಎರಡು ತಿಂಗಳೂ ತುಂಬಿರಲಿಲ್ಲ. ಒಳಗಡೆ 146 ಜನ. ಎಂಜಿನ್ ಕೆಟ್ಟಿರಲಿಲ್ಲ, ಇಂಧನ ಮುಗಿದಿರಲಿಲ್ಲ, ಮಳೆ ಮಂಜು ಏನೂ ಇರಲಿಲ್ಲ. ಆದರೂ ವಿಮಾನ ರನ್‌ವೇಗೆ ಇನ್ನೂ ಮುಕ್ಕಾಲು ಕಿಲೋಮೀಟರ್‌ನಷ್ಟು ದೂರ ಇರೋವಾಗಲೇ ಗಾಲ್ಫ್ ಮೈದಾನದ ಹುಲ್ಲಿನ ಮೇಲೆ ಇಳಿದುಬಿಡ್ತು. ಒಮ್ಮೆ ಪುಟಿದು ಮತ್ತೆ ನೆಲಕ್ಕೆ ಬಡಿದು, ಮುಂದಿದ್ದ ಒಂದು ದಿಬ್ಬಕ್ಕೆ ಗುದ್ದಿ, ಚಕ್ರಗಳು, ಎಂಜಿನ್‌ಗಳು ಕಿತ್ತುಹೋಗಿ, ನಿಲ್ದಾಣದ ಕಾಂಪೌಂಡ್ ಗೋಡೆಯ ಹೊರಗೇ ನಿಂತು ಹೊತ್ತಿಕೊಳ್ತು. 92 ಜನ ಸತ್ತರು. 54 ಜನ ಬದುಕಿ ಹೊರಬಂದರು.

ಈ ವಾರದ ಸಂಚಿಕೆ ಆ ವಿಮಾನದ ಕೊನೆಯ ಒಂದೆರಡು ನಿಮಿಷದ ಬಗ್ಗೆ. ಇವತ್ತು ನೀವು ಕೂರೋ ವಿಮಾನದ ಕಾಕ್‌ಪಿಟ್ ಹೇಗಿರಬೇಕು ಅನ್ನೋ ಸಂಶೋಧನೆಗೂ ಆ ಒಂದೆರಡು ನಿಮಿಷಕ್ಕೂ ನೇರ ಸಂಬಂಧ ಇದೆ.

ಕಾಕ್‌ಪಿಟ್‌ನಲ್ಲಿ ಇಬ್ಬರು ಕ್ಯಾಪ್ಟನ್‌ಗಳಿದ್ದರು. ಒಬ್ಬರು ಈ ಹೊಸ ವಿಮಾನದ ಕಮಾಂಡ್ ವಹಿಸಿಕೊಳ್ಳೋಕೆ ಪರೀಕ್ಷೆ ಕೊಡ್ತಾ ವಿಮಾನ ಹಾರಿಸ್ತಿದ್ದರು, ಇನ್ನೊಬ್ಬರು ಅವರನ್ನು ಪರೀಕ್ಷಿಸುವವರು. ಇಬ್ಬರೂ ಆವತ್ತು ತೀರಿಕೊಂಡರು. ಹಾಗಾಗಿ ಒಳಗೆ ನಡೆದದ್ದು ಏನು ಅಂತ ಹೇಳೋಕೆ ಉಳಿದದ್ದು ಎರಡು ರೆಕಾರ್ಡರ್‌ಗಳು ಮಾತ್ರ. ತನಿಖೆ ನಡೆಸಿದ್ದು ಕರ್ನಾಟಕ ಹೈಕೋರ್ಟ್‌ನ ನ್ಯಾಯಮೂರ್ತಿ ಕೆ. ಶಿವಶಂಕರ್ ಭಟ್ ಅವರ ವಿಚಾರಣಾ ನ್ಯಾಯಾಲಯ.

ರೆಕಾರ್ಡರ್‌ನಲ್ಲಿ ಸಿಕ್ಕಿದ್ದು ಇದು. ಇಳಿಯೋ ಹೊತ್ತಲ್ಲಿ ಹಾರಿಸ್ತಿದ್ದ ಕ್ಯಾಪ್ಟನ್, ನಿಮಿಷಕ್ಕೆ 700 ಅಡಿ ವೇಗದಲ್ಲಿ ಕೆಳಗಿಳಿಯೋ ಹಾಗೆ ಹೊಂದಿಸಿ ಅಂತ ಪಕ್ಕದವರಿಗೆ ಹೇಳ್ತಾರೆ. ಎ320ಯಲ್ಲಿ ಇದನ್ನೆಲ್ಲ ಹೊಂದಿಸೋದು ಗಾಜಿನ ಕೆಳಗೆ, ಇಬ್ಬರ ಮಧ್ಯೆ ಇರೋ ಒಂದು ಪಟ್ಟಿಯಲ್ಲಿ. ಅಲ್ಲಿ ಸಾಲಾಗಿ ತಿರುಗಿಸೋ ನಾಬ್‌ಗಳು. ಇಳಿಯೋ ವೇಗದ ನಾಬ್ ಒಂದು. ಎಷ್ಟು ಎತ್ತರಕ್ಕೆ ಹೋಗಬೇಕು ಅನ್ನೋ ನಾಬ್ ಅದರ ಪಕ್ಕದಲ್ಲೇ ಇನ್ನೊಂದು. ಇಳಿಯೋ ವೇಗ 700 ಅಂತ ಇಡೋ ಬದಲು, ಪಕ್ಕದ ನಾಬ್ ತಿರುಗಿ ಎತ್ತರವೇ 700 ಅಡಿ ಅಂತ ಆಗಿಹೋಗಿರಬೇಕು ಅನ್ನೋದು ನ್ಯಾಯಾಲಯ ಕಂಡುಕೊಂಡ ಅತ್ಯಂತ ಸಂಭವನೀಯ ಕಾರಣ.

ಇಲ್ಲಿ ಒಂದು ಕ್ಷಣ ನಿಲ್ಲಿ. ವಿಮಾನದಲ್ಲಿ ಎತ್ತರ ಅಳೆಯೋದು ಸಾಮಾನ್ಯವಾಗಿ ಸಮುದ್ರ ಮಟ್ಟದಿಂದ. ಎಚ್‌ಎಎಲ್ ರನ್‌ವೇ ಇರೋದೇ ಸಮುದ್ರ ಮಟ್ಟದಿಂದ ಸುಮಾರು 2,900 ಅಡಿ ಮೇಲೆ. ಬೆಂಗಳೂರಿನಲ್ಲಿ 700 ಅಡಿ ಎತ್ತರಕ್ಕೆ ಹೋಗು ಅಂದ್ರೆ, ನೆಲದ ಕೆಳಗೆ 2,200 ಅಡಿ ಆಳಕ್ಕೆ ಇಳಿ ಅಂದ ಹಾಗೆ! ಯಂತ್ರ ಅದಕ್ಕೆ ತಕರಾರು ಮಾಡಲಿಲ್ಲ. ಕೆಳಗೆ ಹೋಗಬೇಕಾ, ಸರಿ ಅಂತ ಎಂಜಿನ್‌ಗಳನ್ನ ಐಡಲ್‌ಗೆ, ಅಂದ್ರೆ ತೀರಾ ಕಡಿಮೆ ಶಕ್ತಿಗೆ ತಂದಿಟ್ಟಿತು. ಇದಕ್ಕೆ ಓಪನ್ ಡಿಸೆಂಟ್ ಮೋಡ್ ಅಂತಾರೆ. ತುಂಬಾ ಮೇಲಿಂದ ಇಳಿಯೋವಾಗ ಬಳಸೋ ಮೋಡ್ ಅದು, ನೆಲದ ಹತ್ತಿರ ಇರಲೇಬಾರದ್ದು.

ಮೋಡ್ ಅನ್ನೋ ಪದ ನಿಮಗೆ ಹೊಸದಲ್ಲ. ಫೋನ್‌ನ ವಾಲ್ಯೂಮ್ ಬಟನ್ ನೆನಪಿಸಿಕೊಳ್ಳಿ. ಹಾಡು ಹಾಕಿದಾಗ ಒತ್ತಿದ್ರೆ ಹಾಡಿನ ಸದ್ದು, ಕಾಲ್‌ನಲ್ಲಿದ್ದಾಗ ಒತ್ತಿದ್ರೆ ಕಾಲ್‌ನ ಸದ್ದು. ಬಟನ್ ಒಂದೇ, ಅದು ಏನು ಮಾಡುತ್ತೆ ಅನ್ನೋದು ಫೋನ್ ಯಾವ ಸ್ಥಿತಿಯಲ್ಲಿದೆ ಅನ್ನೋದರ ಮೇಲೆ ನಿಂತಿದೆ. ಸೈಲೆಂಟ್ ಮೋಡ್‌ನಲ್ಲಿಟ್ಟು ಮರೆತು, ಅಮ್ಮನ ಹತ್ತು ಮಿಸ್ಡ್ ಕಾಲ್ ನೋಡಿ ಬೈಸಿಕೊಂಡವರು ನಮ್ಮಲ್ಲಿ ಎಷ್ಟು ಜನ ಇಲ್ಲ? ವಿಮಾನದಲ್ಲೂ ಅದೇ. ಒಂದು ಮೋಡ್‌ನಲ್ಲಿ ವೇಗ ಕಾಯೋದು ಎಂಜಿನ್. ಇನ್ನೊಂದು ಮೋಡ್‌ನಲ್ಲಿ ಎಂಜಿನ್ ಸುಮ್ಮನಿರುತ್ತೆ, ಮೂಗನ್ನು ಮೇಲೆ ಕೆಳಗೆ ಮಾಡಿ ವೇಗ ಕಾಯಬೇಕು.

ಆವತ್ತು ಆಗಿದ್ದು ಒಲೆ ಮೇಲೆ ಹಾಲಿಟ್ಟ ಹಾಗೆ. ನೀನು ನೋಡ್ತಿದ್ದೀಯಾ ಅಂತ ಅವನು, ಅವನು ನೋಡ್ತಾನೆ ಅಂತ ನೀನು. ಪೈಲಟ್ ಇಳಿಯೋ ದಾರಿ ತಪ್ಪಬಾರದು ಅಂತ ಕೈಯಲ್ಲೇ ಮೂಗನ್ನು ಎತ್ತಿ ಹಿಡಿದಿದ್ದಾರೆ, ವೇಗವನ್ನ ಎಂಜಿನ್ ನೋಡಿಕೊಳ್ಳುತ್ತೆ ಅನ್ನೋ ನಂಬಿಕೆ. ಎಂಜಿನ್‌ನ ಆಟೋ ವ್ಯವಸ್ಥೆ ಐಡಲ್‌ನಲ್ಲಿ ಕೂತಿದೆ, ವೇಗವನ್ನ ಮೂಗು ನೋಡಿಕೊಳ್ಳುತ್ತೆ ಅನ್ನೋ ಲೆಕ್ಕ. ಯಾರೂ ನೋಡ್ತಿಲ್ಲ. ವೇಗ ಇಳೀತಾ ಹೋಗಿ, ಇರಬೇಕಾದ್ದಕ್ಕಿಂತ ಸುಮಾರು 25 ನಾಟ್ ಕೆಳಗೆ ಬಂತು. ಗಂಟೆಗೆ 45 ಕಿಲೋಮೀಟರ್‌ಗೂ ಹೆಚ್ಚು ಕಡಿಮೆ.

ಹಾಗಾದ್ರೆ ಗೊತ್ತಾಗಲಿಲ್ವಾ? ಗೊತ್ತಾಗೋಕೆ ಇದ್ದ ಒಂದು ದಾರಿ ಕಣ್ಣೆದುರಿನ ಪರದೆಯ ಮೇಲ್ಗಡೆ ಸಣ್ಣ ಅಕ್ಷರದಲ್ಲಿ ಬರೋ ಮೋಡ್‌ನ ಹೆಸರು. ಹಳೆ ವಿಮಾನಗಳಲ್ಲಿ ಆಟೋ ವ್ಯವಸ್ಥೆ ಎಂಜಿನ್ ಶಕ್ತಿ ಕಡಿಮೆ ಮಾಡಿದ್ರೆ ಕೈಕೆಳಗಿನ ಲಿವರ್‌ಗಳೂ ತಾವಾಗೇ ಹಿಂದಕ್ಕೆ ಸರೀತಿದ್ದವು. ಎ320ಯಲ್ಲಿ ಲಿವರ್ ಅಲುಗಾಡಲ್ಲ. ಎಂಜಿನ್ ಜೋರಾಗಿರಲಿ, ಸುಮ್ಮನಿರಲಿ, ಲಿವರ್ ಇದ್ದಲ್ಲೇ ಇರುತ್ತೆ. ವಿಮಾನ ಎತ್ತರವನ್ನು ಕೂಗಿ ಹೇಳ್ತಾ ಇತ್ತು, ನಿಜ. ಆ ಕೂಗಿಗೆ ತಕ್ಕ ಹಾಗೆ ಪೈಲಟ್‌ಗಳು ನಡೆದುಕೊಳ್ಳಲಿಲ್ಲ ಅಂತ ವರದಿ ಸ್ಪಷ್ಟವಾಗಿ ಹೇಳಿದೆ. ಕೊನೇ ಕ್ಷಣದಲ್ಲಿ ಲಿವರ್ ಪೂರ್ತಿ ಮುಂದಕ್ಕೆ ತಳ್ಳಿದ್ರು. ಆದರೆ ಜೆಟ್ ಎಂಜಿನ್ ಬೈಕ್ ಅಲ್ಲ, ಆಕ್ಸಿಲರೇಟರ್ ತಿರುವಿದ ತಕ್ಷಣ ಎಳೆಯೋಕೆ. ಐಡಲ್‌ನಿಂದ ಪೂರ್ತಿ ಶಕ್ತಿಗೆ ಬರೋಕೆ ಕೆಲವು ಸೆಕೆಂಡು ಬೇಕು. ಆ ಕೆಲವು ಸೆಕೆಂಡು ಅವರ ಹತ್ತಿರ ಇರಲಿಲ್ಲ.

ಅಪಘಾತ ಆದಮೇಲೆ ದೇಶದಲ್ಲಿ ದೊಡ್ಡ ಗದ್ದಲ. ಸರ್ಕಾರ ಎ320ಗಳನ್ನೆಲ್ಲ ತಿಂಗಳುಗಟ್ಟಲೆ ನೆಲಕ್ಕೆ ಕಟ್ಟಿಹಾಕಿತು. ಇದು ಕಂಪ್ಯೂಟರ್ ವಿಮಾನ, ನಂಬೋಕಾಗಲ್ಲ ಅಂತ ಒಂದು ಗುಂಪು. ಅವರಿಗೆ ಕಾರಣವೂ ಇತ್ತು, 1988ರ ಜೂನ್‌ನಲ್ಲಿ ಫ್ರಾನ್ಸಿನ ಹಬ್ಸೈಮ್‌ನಲ್ಲಿ ಪ್ರದರ್ಶನ ಹಾರಾಟದಲ್ಲೇ ಒಂದು ಎ320 ಕಾಡಿಗೆ ಬಿದ್ದು ಮೂವರು ಸತ್ತಿದ್ದರು. ವಿಮಾನ ಸರಿ ಇತ್ತು, ಪೈಲಟ್‌ಗಳದ್ದೇ ತಪ್ಪು ಅಂತ ಇನ್ನೊಂದು ಗುಂಪು. ನನಗೆ ಕೇಳಿದ್ರೆ ಈ ಜಗಳವೇ ದಾರಿ ತಪ್ಪಿಸುವಂಥದ್ದು. ಯಾಕಂದ್ರೆ ಇದಕ್ಕೆ ಉತ್ತರ ಸಿಕ್ಕು ಆಗಲೇ ಸುಮಾರು ಐವತ್ತು ವರ್ಷ ಆಗಿತ್ತು.

ಅದಕ್ಕೆ ಎರಡನೇ ಮಹಾಯುದ್ಧದ ಕಾಲಕ್ಕೆ ಹೋಗಬೇಕು, ಅಮೆರಿಕಕ್ಕೆ. ಅಲ್ಲಿನ ಬಿ-17 ಬಾಂಬರ್‌ಗಳಲ್ಲಿ ಒಂದು ವಿಚಿತ್ರ ತೊಂದರೆ. ಪೈಲಟ್ ಚೆನ್ನಾಗಿ ಇಳಿಸ್ತಾನೆ, ರನ್‌ವೇ ಮೇಲೆ ಓಡ್ತಾ ರೆಕ್ಕೆಯ ಫ್ಲ್ಯಾಪ್ ಮಡಚೋಕೆ ಹೋಗಿ ಚಕ್ರವನ್ನೇ ಮಡಚಿಬಿಡ್ತಾನೆ. ವಿಮಾನ ಹೊಟ್ಟೆ ಮೇಲೆ ಕೂತುಬಿಡುತ್ತೆ. ಒಬ್ಬಿಬ್ಬರಲ್ಲ, ಎಷ್ಟೋ ಜನ. ಎಲ್ಲದಕ್ಕೂ ಪೈಲಟ್ ದೋಷ ಅನ್ನೋ ಠಸ್ಸೆ. ಅಲ್ಫಾನ್ಸ್ ಚಾಪಾನಿಸ್ ಅನ್ನೋ ಯುವ ಮನಶ್ಶಾಸ್ತ್ರಜ್ಞನನ್ನ ಕರೆಸಿ ನೋಡು ಅಂದ್ರು. ಅವನು ಗಮನಿಸಿದ್ದು ಏನಪ್ಪಾ ಅಂದ್ರೆ, ಸಿ-47 ಅನ್ನೋ ಸಾಗಣೆ ವಿಮಾನ ಹಾರಿಸೋರು ಈ ತಪ್ಪು ಮಾಡ್ತಾನೇ ಇಲ್ಲ. ಕಾಕ್‌ಪಿಟ್ ನೋಡಿದ್ರೆ ಬಿ-17ರಲ್ಲಿ ಚಕ್ರದ ಸ್ವಿಚ್, ಫ್ಲ್ಯಾಪ್‌ನ ಸ್ವಿಚ್ ಎರಡೂ ಅಕ್ಕಪಕ್ಕ, ನೋಡೋಕೆ ಅವಳಿ ಜವಳಿ. ಸಿ-47ರಲ್ಲಿ ಎರಡರ ವಿಧಾನವೇ ಬೇರೆ. ಚಾಪಾನಿಸ್ ಚಕ್ರದ ಹಿಡಿಗೆ ಒಂದು ಪುಟ್ಟ ರಬ್ಬರ್ ಚಕ್ರ, ಫ್ಲ್ಯಾಪ್‌ನ ಹಿಡಿಗೆ ರೆಕ್ಕೆಯಾಕಾರದ ಒಂದು ತುಂಡು ಅಂಟಿಸೋ ಉಪಾಯ ಹೇಳಿದ. ಕತ್ತಲಲ್ಲೂ ಕೈಗೇ ಗೊತ್ತಾಗಬೇಕು ಅನ್ನೋದು ಲೆಕ್ಕ. ಇವತ್ತಿಗೂ ದೊಡ್ಡ ವಿಮಾನಗಳಲ್ಲಿ ಚಕ್ರದ ಲಿವರ್‌ನ ತುದಿ ಚಕ್ರದ ಆಕಾರದಲ್ಲೇ ಇರಬೇಕು ಅಂತ ಕಾನೂನಿದೆ.

1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇನ್ನೂ ಮುಂದೆ ಹೋದರು. ಪೈಲಟ್‌ಗಳು ತಾವೇ ಮಾಡಿದ, ಕಂಡ ಇಂಥ 460 ತಪ್ಪುಗಳನ್ನ ಕೂಡಿಹಾಕಿದ್ರು. ಹತ್ತಿರ ಹತ್ತಿರ ಅರ್ಧದಷ್ಟು ತಪ್ಪು ಒಂದೇ ಜಾತಿ: ಒಂದರ ಬದಲು ಇನ್ನೊಂದನ್ನ ಹಿಡಿದಿದ್ದು. ಮನುಷ್ಯನನ್ನ ತಿದ್ದೋ ಮೊದಲು ಹಿಡಿಯನ್ನ ತಿದ್ದಿ ಅನ್ನೋದು ಅವರ ವಾದದ ತಿರುಳು.

ಇಷ್ಟೆಲ್ಲ ಗೊತ್ತಿದ್ದೂ ಬೆಂಗಳೂರು ಹೇಗಾಯ್ತು? ಚಾಪಾನಿಸ್ ಕಾಲದಲ್ಲಿ ತಪ್ಪು ಹಿಡಿ ಎಳೆದ್ರೆ ತಪ್ಪು ತಕ್ಷಣ ಕಾಣ್ತಿತ್ತು, ವಿಮಾನ ಧೊಪ್ ಅಂತ ಕೂರ್ತಿತ್ತು. ಎ320 ಕಾಲಕ್ಕೆ ತಪ್ಪು ನಾಬ್ ತಿರುಗಿಸಿದ್ರೆ ಕಣ್ಣಿಗೆ ಕಾಣೋ ಹಾಗೆ ಏನೂ ಆಗಲ್ಲ, ಒಳಗೆ ಮೋಡ್ ಬದಲಾಗುತ್ತೆ ಅಷ್ಟೇ. ಬೆಂಗಳೂರಿನ ದುರಂತಕ್ಕೆ ಒಂದು ವರ್ಷ ಮೊದಲು, 1989ರಲ್ಲಿ, ನಾಸಾಗಾಗಿ ಅರ್ಲ್ ವೀನರ್ ಅನ್ನೋ ಸಂಶೋಧಕ ಬೋಯಿಂಗ್ 757 ಪೈಲಟ್‌ಗಳ ಜೊತೆ ಅಧ್ಯಯನ ಮಾಡಿದ್ದ. ಹೊಸ ಕಾಕ್‌ಪಿಟ್‌ಗಳಲ್ಲಿ ಪೈಲಟ್‌ಗಳು ಪದೇ ಪದೇ ಕೇಳಿಕೊಳ್ಳೋದು ಮೂರು ಪ್ರಶ್ನೆ ಅಂತ ಅವನು ಬರೆದ: ಇದು ಈಗ ಏನು ಮಾಡ್ತಿದೆ, ಯಾಕೆ ಮಾಡ್ತಿದೆ, ಮುಂದೆ ಏನು ಮಾಡುತ್ತೆ?

ಬೆಂಗಳೂರಾಗಿ ಎರಡು ವರ್ಷಕ್ಕೆ, 1992ರ ಜನವರಿ 20ರಂದು, ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಹತ್ತಿರ ಮತ್ತೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲೂ ಮೋಡ್‌ನದೇ ಅನುಮಾನ. ಪೈಲಟ್‌ಗಳು 3.3 ಡಿಗ್ರಿ ಕೋನದಲ್ಲಿ ಇಳಿಯೋಕೆ ಅಂತ ಅಂಕಿ ಕೊಟ್ಟಿರಬೇಕು, ಯಂತ್ರ ಅದನ್ನ ನಿಮಿಷಕ್ಕೆ 3,300 ಅಡಿ ಅಂತ ಓದಿರಬೇಕು. ಪರದೆಯಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ ಥರ ಕಾಣ್ತಿದ್ದವು, ಒಂದು ಚುಕ್ಕಿಯಷ್ಟು ವ್ಯತ್ಯಾಸ. ಆಮೇಲೆ ಏರ್‌ಬಸ್ ಇಳಿಯೋ ವೇಗವನ್ನ ಪೂರ್ತಿ ನಾಲ್ಕು ಅಂಕಿಯಲ್ಲಿ ತೋರಿಸೋ ಹಾಗೆ ಬದಲಾಯಿಸಿತು. ಇದಾದ ಮೇಲೆ ನಡೀನ್ ಸಾರ್ಟರ್, ಡೇವಿಡ್ ವುಡ್ಸ್ ಥರದವರ ಸಂಶೋಧನೆಯಿಂದ ಇದು ಒಂದು ವಿಷಯವಾಗಿಯೇ ಬೆಳೆಯಿತು. 1996ರಲ್ಲಿ ಅಮೆರಿಕದ ಎಫ್‌ಎಎ ತಂಡವೊಂದು ಪೈಲಟ್ ಮತ್ತು ಕಾಕ್‌ಪಿಟ್ ನಡುವಿನ ಈ ಗೊಂದಲದ ಬಗ್ಗೆಯೇ ದೊಡ್ಡ ವರದಿ ಕೊಟ್ಟಿತು.

ಏರ್‌ಬಸ್‌ನ ಲಿವರ್ ಅಲುಗದೇ ಇದ್ದದ್ದೇ ಸಮಸ್ಯೆ, ಬೋಯಿಂಗ್ ಆಗಿದ್ರೆ ಹೀಗಾಗ್ತಿರಲಿಲ್ಲ ಅನ್ನೋರು ಇವತ್ತಿಗೂ ಇದ್ದಾರೆ. ಅವರು 2013ರ ಜುಲೈ 6ನ್ನ ನೋಡಬೇಕು. ಸ್ಯಾನ್ ಫ್ರಾನ್ಸಿಸ್ಕೋ, ಏಷಿಯಾನಾ 214, ಬೋಯಿಂಗ್ 777. ಅಲ್ಲೂ ಒಳ್ಳೆ ಹಗಲು. ಅಲ್ಲೂ ವಿಮಾನ ಹೊಸದಾಗಿ ಕಲೀತಿದ್ದ ಕ್ಯಾಪ್ಟನ್, ಪಕ್ಕದಲ್ಲಿ ಕಲಿಸೋ ಕ್ಯಾಪ್ಟನ್. ಅಲ್ಲೂ ಒಂದು ಮೋಡ್ ಒತ್ತಿದ್ದು, ಎಂಜಿನ್ ಐಡಲ್‌ಗೆ ಹೋಗಿದ್ದು, ಆಟೋ ವ್ಯವಸ್ಥೆ ವೇಗ ಕಾಯುತ್ತೆ ಅಂತ ನಂಬಿದ್ದು. ಅದು ಕಾಯ್ತಿರಲಿಲ್ಲ. 137 ನಾಟ್ ಇರಬೇಕಿದ್ದ ವೇಗ 103ಕ್ಕೆ ಇಳಿದು, ವಿಮಾನದ ಬಾಲ ರನ್‌ವೇ ಮುಂಚಿನ ಸಮುದ್ರ ತಡೆಗೋಡೆಗೆ ಬಡೀತು. 307 ಜನರಲ್ಲಿ ಮೂವರು ಸತ್ತರು. ಬೆಂಗಳೂರಿನ ವರದಿ ಓದಿದವರಿಗೆ ಆ ವರದಿ ಓದೋವಾಗ ಮೈ ಜುಮ್ ಅನ್ನುತ್ತೆ. ನಡುವೆ ಇಪ್ಪತ್ತಮೂರು ವರ್ಷ.

ಅದೇ 2013ರಲ್ಲಿ ಅಮೆರಿಕ ಒಂದು ನಿಯಮ ತಂತು, ಯುರೋಪ್ ಅದಕ್ಕೂ ಮೊದಲೇ ತಂದಿತ್ತು. ಹೊಸದಾಗಿ ವಿನ್ಯಾಸ ಮಾಡೋ ದೊಡ್ಡ ವಿಮಾನದ ಉಪಕರಣ ಏನು ಮಾಡ್ತಿದೆ ಅನ್ನೋದು ಪೈಲಟ್‌ಗೆ ಅರ್ಥವಾಗೋ ಹಾಗಿರಬೇಕು, ತಪ್ಪು ಆದಾಗ ಅದನ್ನ ಕಂಡುಹಿಡಿದು ಸರಿ ಮಾಡೋಕೆ ಅವಕಾಶ ಇರಬೇಕು, ಇದನ್ನ ತಯಾರಕರೇ ತೋರಿಸಿಕೊಡಬೇಕು. ತರಬೇತಿ ಪಡೆದವರೂ ತಪ್ಪು ಮಾಡ್ತಾರೆ ಅನ್ನೋದನ್ನ ಕಾನೂನು ಒಪ್ಪಿಕೊಂಡ ಹಾಗಾಯ್ತು.

ಈಗಿನ ಸಂಶೋಧಕರು ಸಿಮ್ಯುಲೇಟರ್‌ನಲ್ಲಿ ಪೈಲಟ್‌ಗಳ ಕಣ್ಣು ಎಲ್ಲೆಲ್ಲಿ ಹೋಗುತ್ತೆ ಅಂತ ಕ್ಯಾಮೆರಾದಲ್ಲಿ ಹಿಡಿದು ನೋಡ್ತಾರೆ, ಆ ಸಣ್ಣ ಅಕ್ಷರದ ಮೋಡ್‌ನ ಹೆಸರನ್ನ ನಿಜವಾಗ್ಲೂ ಓದ್ತಾರಾ ಅಂತ. ಕಾಕ್‌ಪಿಟ್‌ಗೆ ಟಚ್‌ಸ್ಕ್ರೀನ್ ಬರ್ತಿದೆ. ಅಲ್ಲಿ ಮುಟ್ಟಿ ಗುರುತಿಸೋಕೆ ರಬ್ಬರ್ ಚಕ್ರ ಅಂಟಿಸೋಕಾಗಲ್ಲ, ಗಾಳಿಯಲ್ಲಿ ವಿಮಾನ ಕುಲುಕಿದ್ರೆ ಬೆರಳು ಪಕ್ಕದ್ದನ್ನ ಮುಟ್ಟುತ್ತೆ. ಗುಂಡಿ ಬಿದ್ದ ರಸ್ತೆಯಲ್ಲಿ ಬಸ್‌ನಲ್ಲಿ ಕೂತು ಮೆಸೇಜ್ ಟೈಪ್ ಮಾಡಿದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಚರ್ಚೆ, ಎತ್ತರದಲ್ಲಿ ಹಾರೋ ದೀರ್ಘ ಹೊತ್ತಲ್ಲಿ ಕಾಕ್‌ಪಿಟ್‌ನಲ್ಲಿ ಒಬ್ಬರೇ ಪೈಲಟ್ ಸಾಕಾ ಅನ್ನೋದು. ಯುರೋಪಿನ ಸುರಕ್ಷತಾ ಸಂಸ್ಥೆ ಇಎಎಸ್‌ಎ ಇದರ ಬಗ್ಗೆ ಅಧ್ಯಯನ ಮಾಡಿಸಿ, ಈಗಿನ ಕಾಕ್‌ಪಿಟ್‌ಗಳಲ್ಲಿ ಅದು ಇಬ್ಬರಿರುವಷ್ಟೇ ಸುರಕ್ಷಿತ ಅಂತ ತೋರಿಸೋಕೆ ಸದ್ಯಕ್ಕೆ ಆಗಲ್ಲ ಅಂತ 2025ರಲ್ಲಿ ಹೇಳಿತು. ಕೊಟ್ಟ ಕಾರಣಗಳಲ್ಲಿ ನಿದ್ದೆ, ಆಯಾಸ, ಪೈಲಟ್‌ಗೆ ಹುಷಾರು ತಪ್ಪೋದು ಇವೆ. ಒಬ್ಬರು ತಿರುಗಿಸಿದ ನಾಬ್ ಸರೀನಾ ಅಂತ ಪಕ್ಕದಲ್ಲಿ ಕೂತು ನೋಡೋಕೆ ಇನ್ನೊಬ್ಬರು ಇರಲ್ಲ ಅನ್ನೋದೂ ಇದೆ.