ಬರೆಯಿಂದ ಸೂಜಿಯವರೆಗೆ

1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಇಬ್ಭಾಗವಾಗಿ ರಾಯದುರ್ಗ ತಾಲ್ಲೂಕು ಆಂಧ್ರಕ್ಕೆ ಸೇರಿದಾಗ ಡಿ. ಹಿರೇಹಾಳ್ ಸೀಮೆಯ ಕನ್ನಡಿಗರಿಗೆ ಕಚೇರಿಗಳು ಬದಲಾದವೇ ಹೊರತು ಮೈಕೈನೋವಿನ ಮದ್ದು ಬದಲಾಗಲಿಲ್ಲ. ಮಳೆಯನ್ನೇ ನಂಬಿದ ಈ ಬಯಲುಸೀಮೆಯಲ್ಲಿ ಬಗ್ಗಿ ದುಡಿದವರ ಸೊಂಟನೋವು, ಕೀಲುನೋವುಗಳಿಗೆ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವುದು ಮೊದಲ ಉಪಾಯವಾಗಿದ್ದರೆ, ಅದಕ್ಕೂ ಜಗ್ಗದ ನೋವಿಗೆ ಬರೆ, ಅಂದರೆ ಕಾಸಿದ ಕಬ್ಬಿಣದಿಂದ ನೋವಿನ ಜಾಗವನ್ನು ಸುಡುವ ಚಿಕಿತ್ಸೆ, ಕೊನೆಯದಾಗಿತ್ತು. ಕುಂಟುವ ಎತ್ತಿಗೂ ನರಳುವ ಮನುಷ್ಯನಿಗೂ ಅದೇ ಬರೆ.

ಇದರ ಶಾಸ್ತ್ರೀಯ ರೂಪವೇ ಆಯುರ್ವೇದದ ಅಗ್ನಿಕರ್ಮ. ಚರ್ಮವನ್ನು ಸುಡಲು ಹಿಪ್ಪಲಿ, ಆಡಿನ ಹಿಕ್ಕೆ, ಹಸುವಿನ ಹಲ್ಲು, ಬಾಣಗಳನ್ನೂ, ಮಾಂಸಕ್ಕೆ ಲೋಹದ ಉಪಕರಣಗಳನ್ನೂ, ಕೀಲು ಮೂಳೆಗಳಿಗೆ ಕಾಯಿಸಿದ ಜೇನು, ಬೆಲ್ಲ, ಜಿಡ್ಡುಗಳನ್ನೂ ವಿಧಿಸುವ ಸುಶ್ರುತಸಂಹಿತೆಯ ಸೂತ್ರಸ್ಥಾನದ 12ನೆಯ ಅಧ್ಯಾಯವು, ಬೆಂಕಿಯಿಂದ ಸುಟ್ಟ ರೋಗ ಮರುಕಳಿಸದು ಎಂದೂ ಹೇಳುತ್ತದೆ. ಬರೆಯ ಬೇಗೆಯನ್ನು ಜನ ಸಹಿಸಿದ್ದು ಬಹುಕಾಲ ನಿಲ್ಲುವ ಉಪಶಮನದ ಈ ಭರವಸೆಯಿಂದಲೇ ಇರಬೇಕು. ಆದರೆ ವರ್ಷ ಕಳೆದ ಮೇಲೆ ಎಷ್ಟು ಮಂದಿಗೆ ನೋವು ಮರಳಿತೆಂದು ಎಣಿಸುವ ಪದ್ಧತಿ ಹಳ್ಳಿಗಳಲ್ಲಿರಲಿಲ್ಲ. ಸುಟ್ಟ ಗಾಯ ಕೀವುಗಟ್ಟಿ ನರಳಿದವರ, ಅದರಲ್ಲೂ ಏನೂ ಅರಿಯದ ಕೂಸುಗಳ ಸಂಕಟವಂತೂ ಲೆಕ್ಕಕ್ಕೇ ಬರಲಿಲ್ಲ.

ಅಂಥದೇ ನೋವಿಗೆ ಮೈಯ ಗೊತ್ತಾದ ಬಿಂದುಗಳಲ್ಲಿ ಸಣ್ಣ ಸೂಜಿಗಳನ್ನು ಚುಚ್ಚುವ ಚೀನೀ ಪದ್ಧತಿಯಾದ ಅಕ್ಯುಪಂಕ್ಚರ್ ಈ ದೇಶಕ್ಕೆ ಬಂದದ್ದು ತೀರ ಈಚೆಗೆ. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಒಬ್ಬರು, ಕನ್ನಡದ ಮನೆಮಾತು ಇಂದಿಗೂ ಉಳಿದಿರುವ ಸೊಲ್ಲಾಪುರದಲ್ಲಿ ಹುಟ್ಟಿದ ದ್ವಾರಕಾನಾಥ ಕೋಟ್ನಿಸ್, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದ ಬಿ. ಕೆ. ಬಸು ಮತ್ತೆ ಚೀನಾಕ್ಕೆ ಹೋಗಿ ಈ ವಿದ್ಯೆಯನ್ನು ಕಲಿತು, 1959ರಲ್ಲಿ ಕಲಕತ್ತೆಗೆ ತಂದರು.

ಬರೆಗೆ ಒದಗದಿದ್ದ ಎಣಿಕೆ ಸೂಜಿಗೆ ಒದಗಿತು. ಹಳೆಯ ಸೊಂಟನೋವಿನ 1,162 ರೋಗಿಗಳನ್ನು ಮೂರು ಗುಂಪು ಮಾಡಿ ಜರ್ಮನಿಯಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರು ತಿಂಗಳಿಗೆ ಗುಣ ಕಂಡವರು ನಿಜವಾದ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇ. 47.6, ಬಿಂದುಗಳಲ್ಲದ ಕಡೆ ತೆಳುವಾಗಿ ಚುಚ್ಚಿದ ಹುಸಿ ಚಿಕಿತ್ಸೆಯವರಲ್ಲಿ ಶೇ. 44.2, ಮಾಮೂಲಿ ಔಷಧ ಮತ್ತು ವ್ಯಾಯಾಮದವರಲ್ಲಿ ಶೇ. 27.4. ಹಲವು ಪರೀಕ್ಷೆಗಳನ್ನು ಕೂಡಿಸಿ ನೋಡಿದ 2017ರ ವಿಶ್ಲೇಷಣೆಯ ಪ್ರಕಾರ, ಸೂಜಿಯೇ ಇಲ್ಲದವರೊಡನೆ ಹೋಲಿಸಿದರೆ ಚಿಕಿತ್ಸೆ ಮುಗಿದು 12 ತಿಂಗಳಾದರೂ ಲಾಭದ ಸುಮಾರು ಶೇ. 90 ಉಳಿದಿರುತ್ತದೆ, ಹುಸಿ ಸೂಜಿಯೊಡನೆ ಹೋಲಿಸಿದರೆ, ಮೊದಲೇ ಸಣ್ಣದಾದ ವ್ಯತ್ಯಾಸದಲ್ಲಿ ಉಳಿಯುವುದು ಸುಮಾರು ಅರ್ಧ.